ಮನಿಗೆ ಬಂದ ಮಂದಿ ಹೋದಮ್ಯಾಲೆ ನಿಮ್ಮ ಮನ್ಯಾಗ ಮೊದಲನೇ ತಾಸು ಹೆಂಗಿರ್ತೈತಿ?

ಉಣಕಲ್ ಕೆರಿ ದಂಡಿ · ಸೋಮವಾರ, ರಾತ್ರಿ 9:50

ನಿನ್ನೆ ಸಂಜಿಮುಂದ ನಮ್ಮ ಅತ್ತಿಯವರನ್ನ ಗದಗ ಗಾಡಿ ಹತ್ತಿಸಿ ಬಂದ್ವಿ. ಹನ್ನೊಂದು ದಿನ ಇದ್ರು. ನಡುವ ನಾಕ ದಿನ ನಮ್ಮ ನಾದಿನಿ, ಆಕಿ ಇಬ್ಬರು ಹುಡುಗರೂ ಬೆಳಗಾವಿಯಿಂದ ಬಂದಿದ್ರು, ಸಾಲಿ ಸೂಟಿ ಐತಲ್ಲ. ನಮ್ಮದು ಮಾಳಿಗಿ ಮ್ಯಾಲಿನ ಮನಿ. ಒಂದು ಪಡಸಾಲಿ, ಒಂದು ಖೋಲಿ, ಅಡಿಗಿಮನಿ. ರಾತ್ರಿ ಪಡಸಾಲ್ಯಾಗ ನವಲಗುಂದದ ಜಮಖಾನಿ ಹಾಸಿ ಮ್ಯಾಲೆ ಕೌದಿ ಒಗದ್ರ ಕಾಲಿಡಾಕ ಜಾಗ ಇರ್ತಿದ್ದಿಲ್ಲ. ನಡುರಾತ್ರಿ ನೀರು ಕುಡ್ಯಾಕ ಎದ್ದವರು ಯಾರದರೆ ಕೈ ತುಳದ ಹೋಗವರು.

ಹುಬ್ಬಳ್ಳಿ ಸ್ಟೇಷನ್‌ದಾಗ 1507 ಮೀಟರ್ ಉದ್ದಂದು ಪ್ಲಾಟಫಾರ್ಮ್ ಐತಿ, ಜಗತ್ತಿನ್ಯಾಗ ಅದರಷ್ಟು ಉದ್ದಂದು ಇನ್ನೊಂದಿಲ್ಲ ಅಂತ ನಾನೂ ಬಂದವರಿಗೆಲ್ಲಾ ಹೇಳಿಕೊಂತ ಅಡ್ಡಾಡಾಕಿ. ನಿನ್ನೆ ಎರಡೂ ಕೈಯಾಗ ಚೀಲ ಹಿಡಕೊಂಡು, ಅತ್ತಿಯವರ ಮೊಣಕಾಲಿಗೆ ತಕ್ಕಂಗ ಹೆಜ್ಜಿ ಹಾಕ್ಕೊಂತ ಬೋಗಿ ಹುಡಕೂ ಮುಂದ ಆ ಹೆಮ್ಮಿ ಎಲ್ಲಾ ಇಳೀತು.

ಹೊಳ್ಳಿ ಬಂದು ಕೀಲಿ ತಗದ್ವಿ. ಬಾಗಲದಾಗ ನಮ್ಮವ ಎರಡ ಜೋಡಿ ಚಪ್ಪಲಿ. ಫ್ರಿಜ್ಜಿನ ಸಪ್ಪಳ ಕೇಳಾಕತ್ತು. ಹನ್ನೊಂದು ದಿನ ಅದು ಸಪ್ಪಳ ಮಾಡ್ತಿತ್ತೋ ಇಲ್ಲೋ, ನನ್ನ ಕಿವಿಗೆ ಬಿದ್ದಿದ್ದಿಲ್ಲ. ನಾ ಗ್ವಾಡಿಗೆ ಆತು ಕುಂತೆ. ನಮ್ಮನಿಯವರು ಏನೂ ಕೇಳಲಾರದ ಒಳಗ ಹೋಗಿ ಅಲ್ಲ ಜಜ್ಜಿ ಚಾಕ್ಕ ಇಟ್ರು. ನಾ ರೂಢಿಮ್ಯಾಲೆ ಎದ್ದು ಹೋಗಿ ಆರು ಕಪ್ ಇಳಿಸಿದೆ, ನಾಕ ಹೊಳ್ಳಿ ಇಟ್ಟೆ. ಮುಸುರಿ ಹಂಗ ಬಿದ್ದಿತ್ತು, ಬೀಳಲಿ ಅಂತ ಬಿಟ್ವಿ. ಅಡಿಗಿಮನಿ ನೆಲದ ಮ್ಯಾಲೆ ಕುಂತು ಡಬ್ಬಿ ತಗದ್ರ ಶೇಂಗಾ ಹೋಳಗಿ ಒಂದೂವರಿ ಉಳದಿತ್ತು. ಇವರು ಅರ್ಧದ ತುಂಡು ತಾವು ತಗೊಂಡು ಇಡೀದು ನನ್ನ ಕಡೆ ಸರಿಸಿ "ನಿನ್ನ ಹಲ್ಲು ಇನ್ನೂ ಗಟ್ಟಿ ಅದಾವು" ಅಂದ್ರು. ಅಷ್ಟಕ್ಕ ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ವಿ. ಅದರಾಗ ನಗೂವಂಥಾದ್ದು ಏನಿತ್ತೋ!

ಅತ್ತಿಯವರು ಬಂದಾಗೂ ನನಗ ಖುಷಿ ಆಗಿತ್ತು, ಖರೇನ. ಹೋದಮ್ಯಾಲೂ ಖುಷಿ. ನಡುವ ಒಂದೀಟು ಅಳುವೂ ಬಂತು. ಇದು ನನಗಷ್ಟ ಹಿಂಗೋ, ನಿಮ್ಮ ಮನ್ಯಾಗೂ ಹಿಂಗೋ?

ಇನ್ನೊಂದು. ಇವತ್ತ ಕೌದಿ ಝಾಡಿಸೂ ಮುಂದ ಅತ್ತಿಯವರ ಅಡಕೊತ್ತು ಸಿಕ್ತು. ಹಿತ್ತಾಳಿ ಹಿಡಿಕೀದು, ಅವರ ಅವ್ವನ ಕಾಲದ್ದು. ಅದು ಕೈಯಾಗಿಲ್ಲಂದ್ರ ಅವರಿಗೆ ಊಟ ಮುಗದಂಗ ಅನಸೂದಿಲ್ಲ. ಹೆಂಗ ಮರತ್ರೋ.

ಬ್ಯಾಡಗಿ ಖಾರ · ಸೋಮವಾರ, ರಾತ್ರಿ 10:12

ನೀವೊಬ್ಬರ ಅಲ್ಲ ಬಿಡ್ರಿ ಅಕ್ಕಾರ. ನಮ್ಮ ಮನ್ಯಾಗ ಮಂದಿ ಹೋದಕೂಡ್ಲೆ ನಾ ಫ್ಯಾನ್ ಐದಕ್ಕ ಇಟ್ಟು ಬರೇ ಬನಿಯನ್ ಮ್ಯಾಲೆ ನೆಲಕ್ಕ ಅಡ್ಡಾಗ್ತೀನಿ. ಆಕಿ ಟೀವಿ ರಿಮೋಟ್ ಎಲ್ಲೈತಿ ಅಂತ ಹುಡುಕತಾಳ. ಒಂದು ತಾಸು ಇಬ್ಬರೂ ಮಾತ ಆಡೂದಿಲ್ಲ. ಅಗದೀ ಸುಖ.

ಗದಗಿನ ಸೊಸಿ · ಸೋಮವಾರ, ರಾತ್ರಿ 10:40

ಎಲ್ಲಾರೂ ಇದ್ದವರ ಕಡಿಂದನ ಹೇಳಾಕತ್ತೀರಿ. ಹೋದವರ ಕಡಿಂದ ವಿಚಾರ ಮಾಡ್ರಿ. ನಮ್ಮ ಅತ್ತಿ ವರ್ಷಕ್ಕ ಎರಡು ಸಲ ಮಗಳ ಮನಿಗೆ ಹೋಗಿ ಬರ್ತಾರ. ಹೊಳ್ಳಿ ಬಂದು ಹೊಸ್ತಿಲ ದಾಟಿದವರ ಮೊದಲ ನಮ್ಮ ಹಂಡೇದಾಗಿನ ನೀರು ಒಂದು ತಂಬಿಗಿ ಗಟಗಟ ಕುಡದು "ಹಾಂ" ಅಂತಾರ. ಆಮ್ಯಾಲೆ ಸೀರಿ ಬಿಚ್ಚಿ ಹಳೇದು ಉಟಗೋತಾರ. ಮಾವ "ಯಾಕ, ಅಲ್ಲೆ ನೀರು ಕೊಡಲಿಲ್ಲೇನು" ಅಂತ ಕೇಳ್ತಾರ, ಪ್ರತಿ ಸಲ ಅದ ಮಾತು. ಆಕಿನೂ ಪ್ರತಿ ಸಲ "ಕೊಟ್ರು, ನಮ್ಮಂಗಿಲ್ಲ" ಅಂತಾರ. ಅಂದಮ್ಯಾಲೆ ನಿಮ್ಮ ಅತ್ತಿಯವರೂ ನಿನ್ನೆ ರಾತ್ರಿ ಗದಗಿನ್ಯಾಗ ಕಾಲು ಚಾಚಿ ಖುಷಿಲೇನ ಮಕ್ಕೊಂಡಿರ್ತಾರ. ನೀವು ಅಳಬ್ಯಾಡ್ರಿ.

ಅಡಕೊತ್ತಿನ ಸುದ್ದಿ ಬ್ಯಾರೆ. ಅದನ್ನ ಅವರು ಮರತಿಲ್ಲ. ಬಿಟ್ಟಾರ.

ಮೈಸೂರಿನ ಮಗಳು, ಹುಬ್ಬಳ್ಳಿ ಸೊಸೆ · ಮಂಗಳವಾರ, ಬೆಳಗ್ಗೆ 11:05

ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮವರ ದೊಡ್ಡ ಕಾಕಾ ಮನೆಗೆ ಬಂದಿದ್ದರು. "ಚಹಾ ಮಾಡಲಾ ಕಾಕಾ?" ಎಂದೆ. "ಬ್ಯಾಡವಾ, ಈಗರ ಕುಡದು ಬಂದೆ" ಎಂದರು. ಸರಿ ಎಂದು ನಾನೂ ಕುರ್ಚಿ ಎಳೆದುಕೊಂಡು ಕೂತು ಮಾತಾಡಿದೆ. ಮುಕ್ಕಾಲು ಗಂಟೆ ಕೂತು ಎದ್ದು ಹೋದರು. ಅಂದೇ ರಾತ್ರಿ ಧಾರವಾಡದ ಮೂರು ಮನೆಗಳಿಗೆ ಸುದ್ದಿ ಮುಟ್ಟಿತ್ತು: ಮೈಸೂರ ಹುಡುಗಿ ಚಹಾನೂ ಕೊಡಲಿಲ್ಲ.

ಅವತ್ತು ನಮ್ಮವರು ಅಡುಗೆಮನೆ ಕಟ್ಟೆಯ ಮೇಲೆ ಹತ್ತಿ ಕೂತು ನನಗೆ ಪಾಠ ಮಾಡಿದರು. ಮೊದಲನೇ "ಬ್ಯಾಡ" ಎಂದರೆ ಇಡು. ಎರಡನೇ "ಬ್ಯಾಡ" ಎಂದರೆ ಸಕ್ಕರೆ ನೋಡಿ ಹಾಕು. "ಅರ್ಧಾ ಕಪ್ ಕೊಡವಾ" ಎಂದರೆ ಪೂರ್ತಿ ಕೊಡು, ಜೊತೆಗೆ ಹಚ್ಚಿದ ಅವಲಕ್ಕಿ. ನಿಜವಾಗಿ ಬೇಡದವರು ಬಾಗಿಲಲ್ಲೇ ನಿಂತು ಮಾತಾಡುತ್ತಾರೆ, ಒಳಗೇ ಬರುವುದಿಲ್ಲ. ಒಂಬತ್ತು ವರ್ಷವಾಯಿತು, ಇಲ್ಲಿಯವರೆಗೆ ಈ ಲೆಕ್ಕ ತಪ್ಪಿಲ್ಲ.

ಹೊರಟು ನಿಂತವರು ಹೊರಡುವುದೂ ಇಲ್ಲಿ ಒಂದು ಕಾರ್ಯಕ್ರಮ. ಎದ್ದು ನಿಂತು ಹತ್ತು ನಿಮಿಷ, ಬಾಗಿಲಲ್ಲಿ ಹತ್ತು, ಮೆಟ್ಟಿಲ ಕೆಳಗೆ ಇಪ್ಪತ್ತು. ಮುಖ್ಯ ಸುದ್ದಿಯೆಲ್ಲ ಹೊರಬೀಳುವುದು ಮೆಟ್ಟಿಲ ಕೆಳಗೇ.

ಮಂದಿ ಹೋದಮೇಲೆ ಏನು ಎಂದು ಕೇಳಿದಿರಲ್ಲ. ನಾನು ರೊಟ್ಟಿ ಕಲಿತದ್ದು ಆ ಹೊತ್ತಿನಲ್ಲಿ. ಎಲ್ಲರೂ ಇದ್ದಾಗ ಕಲಿಯಲು ನಾಚಿಕೆ, ಅತ್ತೆ ನಗುತ್ತಿರಲಿಲ್ಲ, ಆದರೂ. ಅವರೆಲ್ಲ ಹೋದ ರಾತ್ರಿ ನಾವಿಬ್ಬರೇ ಹಿಟ್ಟು ಹರವಿಕೊಂಡು ಕೂರುತ್ತಿದ್ದೆವು. ನಮ್ಮವರಿಗೆ ಬಡಿಯಲು ಬರುತ್ತದೆ, ಅವರ ಅವ್ವ ಕಲಿಸಿದ್ದು. ನನ್ನ ಮೊದಲ ರೊಟ್ಟಿ ಹಂಚಿಗೆ ಹಾಕುವ ಮೊದಲೇ ಮೂರು ತುಂಡು. ನಮ್ಮವರು ಅದನ್ನು ಬೇಯಿಸಿ ಬೆಣ್ಣೆ ಹಚ್ಚಿ "ಕರ್ನಾಟಕ, ಗೋವಾ, ಮಹಾರಾಷ್ಟ್ರ" ಎಂದು ಒಂದೊಂದೇ ತಿಂದರು.

ಎರಿ ಹೊಲದಾಂವ · ಮಂಗಳವಾರ, ಮಧ್ಯಾಹ್ನ 1:20

ಮೈಸೂರ ತಂಗಿ, ತಪ್ಪು ನಿಮ್ಮದಲ್ಲ, ಹಿಟ್ಟಿಂದಿರಬೇಕು. ಗೋದ್ಯಾಗಿರೂ ಅಂಟು ಜೋಳದಾಗಿಲ್ಲ, ಅದಕ್ಕ ತಣ್ಣೀರಿಲೆ ನಾದಿದ್ರ ಕೂಡೂದಿಲ್ಲ. ಎಸರು ಕುದೀಬೇಕು, ಕುದಿಯೂ ನೀರು ಹಿಟ್ಟಿನ ನಡು ಕುಣಿ ಮಾಡಿ ಸುರೀಬೇಕು, ಕೈ ತಾಳೂವಷ್ಟು ಆರಿದಮ್ಯಾಲೆ ನಾದಬೇಕು. ನಾದೂದಂದ್ರ ಅಂಗೈ ಬುಡ ಒತ್ತಿ ನಾದೂದು, ಬೆರಳಿಲೆ ಅಲ್ಲ. ಒಮ್ಮೆಲೆ ಎಲ್ಲಾ ನಾದಿ ಇಡಬ್ಯಾಡ್ರಿ, ಎರಡು ರೊಟ್ಟಿಗಾಗೂವಷ್ಟ ತಗೋರಿ. ಬೀಸಿ ತಿಂಗಳಾದ ಹಿಟ್ಟು ಇದ್ರ ಯಾರ ಕೈಯಾಗೂ ಬರೂದಿಲ್ಲ, ಜಿಗಿ ಹೋಗಿರ್ತೈತಿ. ಹತ್ತು ಹನ್ನೆರಡು ದಿನಕ್ಕಾಗೂವಷ್ಟ ಬೀಸಿಸ್ರಿ.

ಜೋಳ ಯಾವುದು? ಹಿಂಗಾರಿ ಮಾಲದಂಡಿ ಇದ್ರ ಚಿಂತಿಲ್ಲ. ಮಳಿ ಹಿಂದ ಸರದಮ್ಯಾಲೆ ಎರಿ ಮಣ್ಣಾಗ ಉಳದ ಹಸೀಮ್ಯಾಲೆನ ಬೆಳೀತೈತಿ ಅದು. ಅದರ ರೊಟ್ಟಿ ಬೆಳ್ಳಗಿರ್ತೈತಿ, ಮರುದಿನಾನೂ ಮೆತ್ತಗ. ಮುಂಗಾರಿ ಹೈಬ್ರಿಡ್ ಜೋಳದ ರೊಟ್ಟಿ ಮುಂಜಾನೆ ಮಾಡಿದ್ದು ಮಧ್ಯಾಹ್ನಕ್ಕ ಚಪ್ಪಲಿ.

ನಿವೃತ್ತ ಮಾಸ್ತರ, ಧಾರವಾಡ · ಮಂಗಳವಾರ, ಸಂಜೆ 6:30

ರೊಟ್ಟಿಯ ಮಾತು ಮುಂದುವರಿಯಲಿ. ನಾನು ಮೊದಲಿನ ಪ್ರಶ್ನೆಗೆ ಬರ್ತೇನಿ.

ನಾವು ಇಬ್ಬರ ಇದ್ದೇವಿ. ಮಗ ಪುಣೆ, ಮಗಳು ಅದಕ್ಕಿಂತ ದೂರ. ದಸರಾಕ್ಕ ಒಮ್ಮೆ, ಬ್ಯಾಸಿಗಿಗೆ ಒಮ್ಮೆ ಬರ್ತಾರ. ಉಣಕಲ್ ತಂಗಿಗೆ ಹೋದದ್ದೂ ಖುಷಿ ಅಂತ ಅನಸೇದ, ಅದು ಆ ವಯಸ್ಸಿನ ಮಾತು, ತಪ್ಪಿಲ್ಲ. ನಮಗ ಎಪ್ಪತ್ತರ ಸಮೀಪ ಹಂಗ ಅನಸೂದಿಲ್ಲ.

ಅವರು ಬರೂ ಮುಂಚೆ ಅಟ್ಟದ ಮ್ಯಾಲಿನ ದೊಡ್ಡ ಕುಕ್ಕರು ಇಳಿಸೂದು ನನ್ನ ಕೆಲಸ. ಸ್ಟೂಲ್ ಹಿಡಿಯೂದು ಆಕಿ ಕೆಲಸ. ಹೋದಮ್ಯಾಲೆ ಹೊಳ್ಳಿ ಏರಿಸಬೇಕಲ್ಲ. "ಇರಲಿ, ನಾಳೆ ಇಡೋಣು" ಅಂತಾಳ. ಈ ಸಲ ಯುಗಾದಿಗೆ ಬಂದು ಹೋದರು. ಕುಕ್ಕರು ಇನ್ನೂ ಕಟ್ಟಿ ಮ್ಯಾಲೆ ಅದ. ಅದರಾಗ ಈಗ ಆಕಿ ಬೆಳ್ಳೊಳ್ಳಿ ಇಟ್ಟಾಳ, ನಾನು ಲೈಟ್ ಬಿಲ್ಲು ಇಡ್ತೇನಿ. ಅಟ್ಟಕ್ಕ ಏರಿಸುವ ಮಾತು ಇಬ್ಬರೂ ತಗಿಯೂದಿಲ್ಲ.

ಉಳಿದಂತ ನಮ್ಮ ದಿನ ಸಣ್ಣದು. ಬೆಳಿಗ್ಗೆ ಚಹಾ ರೇಡಿಯೋದ ಜೋಡಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕ, ನಾ ಹುಟ್ಟೂಕಿಂತ ಮೊದಲು. ನಮ್ಮ ಅಪ್ಪ ಕೇಳ್ತಿದ್ದ, ಈಗ ನಾವು. ಮನ್ಯಾಗ ಟೀವಿ ಅದ, ಆದರ ಟೀವಿ ಮುಂದ ಕುಂತು ಕಾಯಿಪಲ್ಲೆ ಹೆಚ್ಚಿದರ ಬೆರಳು ಹೋಗ್ತದ. ಸಂಜಿಗೆ ಸಾಧನಕೇರಿ ತನಕ ನಡೀತೇವಿ. ಬೇಂದ್ರೆಯವರ ಮನಿ ಮುಂದಿನ ದಾರಿ ಅದು. ದಿನಾ ಅಲ್ಲೇ ಕೂಡ್ತೇವಿ, ದಿನಾ ಆಕಿ "ಕೆರಿ ಕಡಿಮಿ ಆಗೇದ" ಅಂತಾಳ, ಮಳಿಗಾಲದಾಗೂ.

ರವಿವಾರ ಲೈನ್ ಬಜಾರಕ್ಕ ಹೋಗಿ ಕಾಲು ಕಿಲೋ ಪೇಢೆ. ನನಗ ಸಕ್ಕರಿ ಕಾಯಿಲೆ ಅದ. ಹಿಂಗಾಗಿ ಒಂದು ಪೇಢೆ ಇಬ್ಬರಿಗೆ ಅರ್ಧ ಅರ್ಧ ಅಂತ ಕರಾರು. ಉಳಿದದ್ದು ಎಲ್ಲಿ ಇಡ್ತಾಳ ನನಗ ಗೊತ್ತದ. ನನಗ ಗೊತ್ತದ ಅಂತ ಆಕಿಗೂ ಗೊತ್ತದ.

ಬ್ಯಾಡಗಿ ಖಾರ · ಮಂಗಳವಾರ, ಸಂಜೆ 6:41

ಸರ್, ಎಲ್ಲಿ ಇಡ್ತಾರ?

ನಿವೃತ್ತ ಮಾಸ್ತರ, ಧಾರವಾಡ · ಮಂಗಳವಾರ, ಸಂಜೆ 6:58

ಹೇಳಿದರ ಜಾಗ ಬದಲಿ ಮಾಡ್ತಾಳ. ಆಕಿನೂ ಇದನ್ನ ಓದ್ತಾಳ.

ಚಿಗರಿ ಬಸ್ಸಿನ ಗಿರಾಕಿ · ಮಂಗಳವಾರ, ರಾತ್ರಿ 11:30

ನಿಮ್ಮೆಲ್ಲಾರ ಬೀಗರು ದೂರದವರು, ಪುಣ್ಯವಂತರು. ನನ್ನ ಹೆಂಡತಿ ತವರಮನಿ ಧಾರವಾಡ, ನಮ್ಮದು ಹುಬ್ಬಳ್ಳಿ. ನಡುವ ಇಪ್ಪತ್ತು ಚಿಲ್ಲರ ಕಿಲೋಮೀಟರು. ಚಿಗರಿ ಬಸ್ಸು ಬಂದಮ್ಯಾಲೆ ಅದೂ ದೂರ ಅನಸವಲ್ದು. ನಮ್ಮ ಮಾವ "ಸುಮ್ನ ಎ.ಸಿ. ಗಾಡ್ಯಾಗ ಕುಂತ್ರಾತು ಅಂತ ಬಂದ್ವಿ" ಅಂತ ಬರ್ತಾರ. ಬಿಸಿಲು ಜೋರಿದ್ದಷ್ಟು ಜಾಸ್ತಿ ಬರ್ತಾರ. ಫೋನ್ ಹಚ್ಚೂದು ನಮ್ಮ ಓಣಿ ಬಾಯಾಗ ನಿಂತು: "ಮನ್ಯಾಗ ಅದೀರೇನು?"

ಅದೂ ಬರೋಬ್ಬರಿ ನೀರು ಬರೂ ದಿನ. ನಮ್ಮ ಓಣ್ಯಾಗ ನಳ ಬರೂದು ಐದಾರು ದಿನಕ್ಕೊಮ್ಮೆ. ಸವದತ್ತಿ ಮಲಪ್ರಭಾ ನೀರು ನಮ್ಮ ಬ್ಯಾರಲ್ ಮುಟ್ಟೂದ್ರಾಗ ಒಮ್ಮೊಮ್ಮೆ ರಾತ್ರಿ ಎರಡು ಆಗಿರ್ತೈತಿ. ಅವತ್ತ ನಾ ಪೈಪ್ ಕಡೆ, ಆಕಿ ಮೋಟಾರ್ ಕಡೆ. ಮೊದಲು ಕುಡಿಯೂ ನೀರು ಸೋಸಿ ಹಿಡೀಬೇಕು, ಆಮ್ಯಾಲೆ ಟಾಕಿ, ಆಮ್ಯಾಲೆ ಬ್ಯಾರಲ್, ಕಡೀಕ ಬಕೀಟು, ಕೊಡ, ಬೋಗುಣಿ, ಹುಡುಗರು ಹಲ್ಲುಜ್ಜೂ ಮಗ್ ಸೈತ.

ಈಗ ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ. ನಮ್ಮಿಬ್ಬರ ಖರೇ ಮಾತುಕತಿ ಆಗೂದು ಅವಾಗನ. ಹುಡುಗರು ಮಕ್ಕೊಂಡಿರ್ತಾವು, ಓಣಿ ತುಂಬ ಮೋಟಾರ್ ಸಪ್ಪಳ, ಟಾಕಿ ತುಂಬಾಕ ನಲವತ್ತು ನಿಮಿಷ. ಮೆಟ್ಟಿಲ ಮ್ಯಾಲೆ ಕುಂತು ಆಕಿ ಆಫೀಸಿನ ಸುದ್ದಿ, ನನ್ನ ಸಾಲದ ಸುದ್ದಿ, ಅವರ ಅಣ್ಣನ ಮದಿವಿ ಸುದ್ದಿ. ಹೋದ ತಿಂಗಳು ಮಾತಿನ್ಯಾಗ ಟಾಕಿ ತುಂಬಿ ಹರದು ಕೆಳಗಿನ ಮನಿಯವರ ಹಪ್ಪಳ ತೋಯ್ದು ಹೋದವು. ಅವರು ಇನ್ನೂ ಮಾತಾಡಾಕ ತಯಾರಿಲ್ಲ. ನಾವು ಮಾತ್ರ ಅವತ್ತ ಮೂರಕ್ಕ ಚಾ ಕುಡದು ಮಕ್ಕೊಂಡ್ವಿ.

ಖರೇ ಅಂದ್ರ ಖಾರ · ಬುಧವಾರ, ಬೆಳಗ್ಗೆ 9:15

ಎಲ್ಲಾರೂ ಭಾಳ ಛಂದ ಬರೀಲಿಕ್ಕತ್ತೀರಿ. ನಾ ಒಂದು ಕೇಳ್ತೀನಿ. ಹನ್ನೊಂದು ದಿನ, ಅದರಾಗ ನಾಕ ದಿನ ಆರು ಮಂದಿ. ಹೊತ್ತಿಗೆ ಇಪ್ಪತ್ತು ರೊಟ್ಟಿ ಅಂತ ಹಿಡೀರಿ. ಅಷ್ಟೂ ಬಡದವರು ಯಾರು? ಹನ್ನೊಂದನೇ ದಿನ ಗಂಡ ಎರಡು ಕಪ್ ಚಹಾ ಮಾಡಿದ್ದಕ್ಕ ಇಷ್ಟು ಕೌತುಕ! ನನ್ನ ಗಂಡನೂ ಹಿಂಗ. ಮಂದಿ ಮುಂದ ಪೇಪರ್ ಓದ್ತಾನ, ಮಂದಿ ಹೋದಮ್ಯಾಲೆ ಸೌಟು ಹಿಡೀತಾನ. ಅವನ ಅವ್ವನ ಮುಂದ ಹಿಡದ್ರ ಏನ್ ಕೈ ಸವೀತಾವ?

ಮೈಸೂರಿನ ಮಗಳು, ಹುಬ್ಬಳ್ಳಿ ಸೊಸೆ · ಬುಧವಾರ, ಬೆಳಗ್ಗೆ 9:32

ಇದಕ್ಕೆ ನನ್ನ ಎರಡೂ ಕೈ ಮೇಲೆ. ನಮ್ಮವರು ಕೂಡ ರೊಟ್ಟಿ ಕಲಿಸಿದ್ದು ಬಾಗಿಲು ಹಾಕಿಕೊಂಡೇ.

ಉಣಕಲ್ ಕೆರಿ ದಂಡಿ · ಬುಧವಾರ, ರಾತ್ರಿ 9:20

ಖಾರ ಅಕ್ಕಾರ, ನೀವು ಕೇಳಿದ್ದು ಬರೋಬ್ಬರಿ ಐತಿ. ನಾ ಬರೀಲಾರದ್ದು ಬರೀತೀನಿ ತಡೀರಿ.

ನಾನೂ ನೌಕರಿ ಮಾಡಾಕಿ. ಮೊದಲ ಎರಡು ದಿನ ಮುಂಜಾನೆ ಐದಕ್ಕೆದ್ದು ಬಡದೆ. ಮೂರನೇ ದಿನ ಭುಜ ಹಿಡಕೊಂತು. ಇವರು ನನ್ನ ಕೇಳಲಾರದ ಹಿಂದಿನ ಓಣ್ಯಾಗ ರೊಟ್ಟಿ ಮಾಡಿ ಮಾರೂ ಕಾಕು ಕಡೆ ಹೋಗಿ ಇಪ್ಪತ್ತೈದು ರೊಟ್ಟಿ ಕಟ್ಟಿಸಿಕೊಂಡು ಬಂದು ಅವರವ್ವನ ಮುಂದನ ಬುಟ್ಟಿಗೆ ಹಾಕಿದ್ರು. ಅತ್ತಿ ಮಾರಿ ಉಬ್ಬಿಸಿದ್ರು. "ಮನ್ಯಾಗ ಸೊಸಿ ಇದ್ದು ಪ್ಯಾಟಿ ರೊಟ್ಟಿ ತಿನ್ನೂ ಕಾಲ ಬಂತು" ಅಂತ ನಾದಿನಿ ಮುಂದ ಅಂದದ್ದು ನನಗ ಕೇಳಿಸ್ತು. ಇವರಿಗೂ ಕೇಳಿಸ್ತು. ಇವರು ಬಾಯಿ ಬಿಡಲಿಲ್ಲ, ಮರುದಿನ ಮತ್ತ ಹೋಗಿ ತಂದ್ರು. ಮೂರು ದಿನ ಹಿಂಗ ನಡೀತು. ನಾಕನೇ ದಿನ ಅತ್ತಿ ಎಣ್ಣಗಾಯಿ ಜೋಡಿ ರೊಟ್ಟಿ ಮುರಕೊಂತ "ಇಷ್ಟು ತಳ್ಳಗ ಬಡೀತಾಳಲ್ಲ, ಯಾರಾಕಿ? ಯಾವ ಊರಾಕಿ?" ಅಂದ್ರು. ಸಂಜೀಕ ತಾವ ಹೋಗಿ ಮಾತಾಡಿಸಿ ಬಂದ್ರು. ರೋಣ ಕಡೆಯಾಕಿ ಅಂತ, ಅತ್ತಿಯವರ ತವರಿನ ಕಡೆ ನಂಟೂ ಹೊಂಟಿತು. ಆಮ್ಯಾಲೆ ರೊಟ್ಟಿ ತರೂ ಕೆಲಸ ಅವರದ ಆತು. ಹೋದ್ರ ಒಂದೂವರಿ ತಾಸು ಬರ್ತಿದ್ದಿಲ್ಲ. ನನಗ ಅಷ್ಟೊತ್ತು ಫ್ರೀ.

ಮುಸುರಿ ಮಾತ್ರ ಇವರು ಅವ್ವನ ಮುಂದ ತಿಕ್ಕಲಿಲ್ಲ. ಅದು ಖರೇ. ಇನ್ನೂ ಅಲ್ಲಿಗೆ ಬಂದಿಲ್ಲ.

ಇವತ್ತ ಅಡಕೊತ್ತಿನ ಸಲುವಾಗಿ ಫೋನ್ ಹಚ್ಚಿದ್ದೆ. ಅದು ಸಿಕ್ತು ಅಂದ್ರ ಅವರಿಗೆ ಏನೂ ಅನಸಲಿಲ್ಲ. "ಇರಲಿ ಬಿಡವಾ. ಅಧಿಕ ಮಾಸದಾಗ ಅಳಿಯಾಗ ಅನಾರಸ ಕೊಡಾಕ ಬೆಳಗಾವಿಗೆ ಹೊಂಟೇನಲ್ಲ, ನಿಮ್ಮಲ್ಲಿ ಇಳದು ಹೋಗ್ತೀನಿ" ಅಂದ್ರು. ಆಮ್ಯಾಲೆ ದನಿ ಇಳಿಸಿ, "ನಿಮ್ಮವ್ವಗ ನೆನಪೈತೇನು ಅಧಿಕ ಮಾಸ? ನನ್ನ ಮಗನೂ ಒಬ್ಬರ ಅಳಿಯಾನ."

ಗದಗಿನ ಸೊಸಿ · ಬುಧವಾರ, ರಾತ್ರಿ 9:44

ನಾ ಸೋಮವಾರನ ಹೇಳಿದ್ದಿಲ್ಲೇನು? ಬಿಟ್ಟಾರ!

ಅಧಿಕ ಮಾಸ ಈ ಸಲ 2026ರಾಗ ಮೇ 17ಕ್ಕ ಹಿಡೀತೈತಿ, ಜೂನ್ 15ರ ತನಕ. ಅಧಿಕ ಜ್ಯೇಷ್ಠ. ಹಿಂದಿನ ಸಲ 2023ರಾಗ ಅಧಿಕ ಶ್ರಾವಣ ಬಂದಿತ್ತು, ಮಳಿ ಹಿಡಕೊಂಡು ನಮ್ಮ ಅನಾರಸದ ಅಕ್ಕಿ ಆರಲೇ ಇಲ್ಲ. ನಿಮ್ಮ ಅವ್ವಾರಿಗೆ ಈಗ್ಲೆ ಹೇಳ್ರಿ. ಅಕ್ಕಿ ಮೂರು ದಿನ ನೆನೀಬೇಕು, ದಿನಾ ನೀರು ಬದಲಿ ಮಾಡಬೇಕು. ನೆರಳಿನ್ಯಾಗ ಬಟ್ಟಿ ಮ್ಯಾಲೆ ಹರವಿ ಇನ್ನೂ ಹಸಿ ಇರೂ ಮುಂದನ ಬೀಸಿ ಜರಡಿ ಹಿಡದು, ಬೆಲ್ಲ ಕಲಸಿ ನಾಕೈದು ದಿನ ಮುಚ್ಚಿಡಬೇಕು. ತಟ್ಟೂದು ಗಸಗಸಿ ಮ್ಯಾಲೆ. ತುಪ್ಪಕ್ಕ ಬಿಡೂ ಮುಂದ ಗಸಗಸಿ ಬದಿ ಮ್ಯಾಲ ಇರಬೇಕು, ಹೊಳ್ಳಿಸಬಾರದು, ಝಾರಿಲೆ ಬಿಸಿ ತುಪ್ಪ ಮ್ಯಾಲೆ ಹಾಕ್ಕೊಂತ ಇರಬೇಕು. ಉರಿ ಒಂದೀಟು ಜಾಸ್ತಿ ಆತೋ, ಒಡದು ಚೂರು ಚೂರು. ಪದ್ಧತಿ ಪ್ರಕಾರ ಅಳಿಯಾಗ 33 ಕೊಡಬೇಕಂದ್ರ ನಲವತ್ತೈದಕ್ಕ ಹಿಟ್ಟು ಹಿಡೀರಿ. ನಮ್ಮ ಮನ್ಯಾಗ ಆ ಚೂರುಗಳು ಯಾವಾಗಲೂ ಮಾವನ ಪಾಲು. ಅಳಿಯಂದಿರಿಗೆ ಬೆಳ್ಳಿ ತಾಟಿನ್ಯಾಗ, ಮಾವಗ ಪೇಪರ್ ಮ್ಯಾಲೆ. ಆದ್ರ ಬಿಸಿ ಬಿಸಿ ತಿನ್ನೂದು ಅವರೊಬ್ಬರ.

ಬ್ಯಾಡಗಿ ಖಾರ · ಬುಧವಾರ, ರಾತ್ರಿ 10:01

ನನ್ನ ಮದಿವಿ ಆಗಿ ಎರಡು ಅಧಿಕ ಮಾಸ ಹೋದವು. ಒಂದೂ ಅನಾರಸ ಕಂಡಿಲ್ಲ. ಈ ಪುಟ ಹೆಂಡತಿಗೆ ಕಳಿಸಾಕತ್ತೀನಿ.

ಉಣಕಲ್ ಕೆರಿ ದಂಡಿ · ರವಿವಾರ, ರಾತ್ರಿ 10:30

ಮೂರು ವಾರ ಅವ್ವ ಅಡಕೊತ್ತು ಇಲ್ಲದ ಹೆಂಗ ಇರ್ತಾಳ ಅಂತ ಇವರಿಗೆ ನಿದ್ದಿ ಬರಲಿಲ್ಲ. ಇವತ್ತ ಮುಂಜಾನೆ ಗಾಡಿಗೆ ಗದಗಕ್ಕ ಹೋಗಿ ಕೊಟ್ಟು ಬಂದ್ರು. ಅತ್ತಿ ಸಿಟ್ಟಿಗೆದ್ರಂತ: "ನಾ ಬರ್ತೀನಿ ಅಂದಿದ್ದೆನಲ್ಲ, ಯಾಕ ತಂದಿ?" ಸಿಟ್ಟಿನ್ಯಾಗ ಐವತ್ತು ಖಟಕ ರೊಟ್ಟಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಒಂದು ಸವತಿಕಾಯಿ ಸೈತ ಕಟ್ಟಿ ಕಳಿಸ್ಯಾರ. ಸವತಿಕಾಯಿ ಯಾಕ ಅಂತ ಇವರಿಗೂ ಗೊತ್ತಿಲ್ಲ.

ಸಂಜೀಕ ಇಲ್ಲಿ ಗುಡುಗು ಹತ್ತಿ ಜೋರ್ ಮಳಿ. ಇವರು ಸ್ಟೇಷನ್‌ದಿಂದ ತಲಿಮ್ಯಾಲೆ ರೊಟ್ಟಿ ಚೀಲ ಇಟಕೊಂಡು ಪೂರಾ ತೋಯ್ಸಿಕೊಂಡು ಬಂದ್ರು. ಪುಣ್ಯಾಕ್ಕ ರೊಟ್ಟಿ ಪ್ಲಾಸ್ಟಿಕ್ಕಿನ್ಯಾಗ ಇದ್ದವು. ಕೊಡಿ ಎಲ್ಲಿ ಅಂತ ಕೇಳಿದೆ. ಮಾರಿ ಒರಿಸಿಕೊಂತ ನಿಂತ್ರು. ಅಷ್ಟರಾಗ ಅತ್ತಿಯವರ ಫೋನ್ ಬಂತು.

"ಏನವಾ, ಅವನ ಕೊಡಿ ಇಲ್ಲೇ ಗ್ವಾಡಿಗೆ ಜೋತುಬಿದ್ದೈತಿ. ಹೊಳ್ಳಿ ಬರೂದು ಬ್ಯಾಡ ಅನ್ನು. ಬರೂ ಮುಂದ ನಾನ ತರ್ತೀನಿ."